ತುಂಬಿದ ಗಾಡಿಗೆ ‘ಖಾಲಿ’ ಅಂದ ದನಿ

ಮೂಡಲಗಿ ಹಾದಿಯ ಕಾಟಾದಲ್ಲಿ ಕಬ್ಬಿನ ಗಾಡಿ ತೂಗುವ ಬಾಬಾಸಾಬ ಕಾಕಾಗೆ ಕಣ್ಣು ಕಾಣುವುದಿಲ್ಲ. ಅವರು ಕೀ ಒತ್ತುತ್ತ ಹೋದಂತೆ ಕಂಪ್ಯೂಟರು ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಅಲ್ಲಿಯ ಹಳೆಯ ವಿಂಡೋಸ್ ಸಾಫ್ಟ್‌ವೇರ್ ತೆಗೆದು, ಯಾವ ಕಂಪ್ಯೂಟರಿನಲ್ಲಾದರೂ ಓಡುವ ನಮ್ಮ ಕಂಪನಿಯ ಹೊಸದನ್ನು ಹಾಕಲು ಹೋಗಿದ್ದೆ.

ಹಾಕಿ ಮುಗಿಸುವಷ್ಟರಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂದು ಕಾಟಾ ಮೇಲೆ ನಿಂತಿತು. ಪರದೆಯ ತುಂಬ ಬಣ್ಣಬಣ್ಣದ ಬಟನ್ನುಗಳು, ದೊಡ್ಡ ಅಂಕಿಗಳು. ಕಾಕಾ ಕೀ ಒತ್ತಿದರು.

‘ಖಾಲಿ’ ಅಂತು ಯಂತ್ರದ ದನಿ. ಮತ್ತೆ ಒತ್ತಿದರು. ‘ಖಾಲಿ.’

ಕಿಟಕಿಯಲ್ಲಿ ನಿಂತಿದ್ದ ಡ್ರೈವರ್ ಗಾಬರಿಯಾಗಿ ತಿರುಗಿ ತನ್ನ ಗಾಡಿ ನೋಡಿಕೊಂಡ. “ಖಾಲಿ ಎಲ್ಲೈತ್ರಿ? ಕಬ್ಬು ತುಂಬೇತಲ್ರಿ!”

ಕಾಕಾ ನನ್ನ ಕಡೆ ಮುಖ ಮಾಡಿದರು. “ಸಾಹೇಬ್ರ, ಹಳೇದ್ರಾಗ ಬಾಗಿಲಾ ಬಡದ್ರ ಒಳಗಿಂದ ಓ ಅಂತಿದ್ರು. ಇದ್ರಾಗ ಯಾರೂ ಇಲ್ರಿ. ನಾಳಿಂದ ನಾನೂ ಇಲ್ಲಿ ಇರೂದಿಲ್ಲೇನ್ರಿ?”

ಆಗ ತಿಳಿಯಿತು. ಹಳೆಯ ಬಟನ್ನುಗಳು ವಿಂಡೋಸಿನವೇ; ಓದಿ ಹೇಳುವ ದನಿ ಕೇಳಿದರೆ ತಮ್ಮ ಹೆಸರು ಹೇಳುತ್ತಿದ್ದವು. ನಮ್ಮವು ಬರೀ ಚಿತ್ರ; ಆ ದನಿಗೆ ಓದಲು ಅಲ್ಲಿ ಏನೂ ಇಲ್ಲ. ಹಳೆಯದನ್ನೇ ಮತ್ತೆ ಹಾಕಿ ಬಂದೆ.

ನಮ್ಮ ಸಾಫ್ಟ್‌ವೇರ್ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ತರ ಅಂತ ಜಾಹೀರಾತು ಕೊಡುತ್ತೇವೆ. ಸುಳ್ಳಲ್ಲ. ಕಾಕಾ ಯಾವುದರ ಮುಂದೆ ಕೂತರೂ ಒಂದೇ ತರ: ಖಾಲಿ.