ಮುಂದಿನ ಸೀಟಿನ ಪಿಸುಮಾತು

2025ರ ಮಾರ್ಚ್‌ನಲ್ಲಿ ನಾನು ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಕಾರ್ ಆಕ್ಸೆಸರಿ ಅಂಗಡಿಯಲ್ಲಿ ಫಿಟ್ಟರ್ ಆಗಿದ್ದೆ. ಅದು ನನ್ನ ನಾಲ್ಕನೇ ವರ್ಷ. ಸೀಟ್ ಕವರ್, ಸ್ಪೀಕರ್, ಕ್ಯಾಮೆರಾ ಎಲ್ಲವನ್ನೂ ಹಾಕುತ್ತಿದ್ದೆ. ಆದರೆ ನನ್ನ ಪಾಲಿಗೆ ಖಾಯಂ ಆಗಿ ಬಿದ್ದದ್ದು ಡ್ಯಾಂಪಿಂಗ್, ಅಂದರೆ ಕಾರಿನೊಳಗೆ ಬರುವ ಸದ್ದು ಕಡಿಮೆ ಮಾಡುವ ಕೆಲಸ. ಬೇರೆಯವರಿಗೆ ಬೇಡವಾದದ್ದು. ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಬಾಗಿಲಿನ ಪ್ಯಾಡ್ ಕಳಚಿ, ಬರಿ ತಗಡಿನ ಮೇಲೆ ಬ್ಯುಟೈಲ್ ಶೀಟ್ ಅಂಟಿಸಬೇಕು. ಒಂದು ಬದಿ ಕರಿ ಅಂಟು, ಇನ್ನೊಂದು ಬದಿ ಅಲ್ಯುಮಿನಿಯಂ ಹಾಳೆ ಇರುವ ದಪ್ಪನೆಯ ಶೀಟು ಅದು. ತಗಡು ನಡುಗದಂತೆ ಹಿಡಿದುಕೊಳ್ಳುತ್ತದೆ. ಹಾಳೆಯ ಅಂಚು ಬೆರಳು ಕೊಯ್ಯುತ್ತದೆ. ಸಂಜೆ ಹೊತ್ತಿಗೆ ಸೊಂಟ ನನ್ನದಲ್ಲ ಅನ್ನಿಸುತ್ತದೆ.

ನಾನು ದಿನಚರಿ ಬರೆಯುವವನು. ಯಾವ ಕಾರು, ಎಷ್ಟು ಶೀಟು, ಮೊದಲು ಎಷ್ಟು ಡೆಸಿಬಲ್, ಆಮೇಲೆ ಎಷ್ಟು ಎಂದು ಗುರುತು ಹಾಕಿಕೊಳ್ಳುತ್ತೇನೆ. ಆ ತಿಂಗಳವರೆಗೆ 63 ಕಾರು ಆಗಿದ್ದವು. ಅರವತ್ನಾಲ್ಕನೆಯದು ಹನುಮಂತಪ್ಪನವರದು.

ಮಾರ್ಚ್ 11, ಮಂಗಳವಾರ ಅವರು ಹರಿಹರದಿಂದ ಬಂದರು. ವಯಸ್ಸು ಅರವತ್ತೇಳು. ದಾವಣಗೆರೆಯ ಒಂದು ಹತ್ತಿ ಗಿರಣಿಯ ಮಗ್ಗದ ಖಾತೆಯಲ್ಲಿ ಇಪ್ಪತ್ತು ವರ್ಷ ದುಡಿದವರು. ಮೂರು ವಾರದ ಹಿಂದೆ ನಮ್ಮಲ್ಲೇ ಹನ್ನೆರಡು ಶೀಟು ಕೊಂಡುಹೋಗಿ, ಫೋನಿನಲ್ಲಿ ವಿಡಿಯೊ ನೋಡಿ, ಮನೆ ಮುಂದೆ ತಾವೇ ಅಂಟಿಸಿದ್ದರು. ಶೀಟು ಒತ್ತಲು ಸಣ್ಣ ರೋಲರ್ ಬೇಕು. ಅವರು ಲಟ್ಟಣಿಗೆ ಬಳಸಿದ್ದರು.

"ತಮ್ಮಾ, ನಿಮ್ಮ ಶೀಟು ಕೆಲಸಕ್ಕೆ ಬರಲ್ಲ!" ಅಂಗಡಿಯೆಲ್ಲ ತಿರುಗಿ ನೋಡುವಂತೆ ಕೂಗಿದರು. ಸಿಟ್ಟಿನಿಂದಲ್ಲ, ಅವರು ಮಾತಾಡುವುದೇ ಹಾಗೆ.

ಮುಂದಿನ ಎಡ ಸೀಟಿನಲ್ಲಿ ಅವರ ಹೆಂಡತಿ ಗಂಗಮ್ಮ ಕೂತಿದ್ದರು. ಅವರು ಏನೋ ಹೇಳಿದರು. ನಾನು ಬಗ್ಗಿ ಕಿವಿ ಕೊಟ್ಟೆ. ದನಿಯಿಲ್ಲ, ಬರಿ ಉಸಿರು. "ಲಟ್ಟಣಿಗೆ ಹಾಳಾತು, ಸದ್ದು ಹಂಗೇ ಐತೆ."

ಹಿಂದಿನ ವರ್ಷ ಅವರ ಗಂಟಲಿನ ಆಪರೇಷನ್ ಆಗಿತ್ತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಇರುವಷ್ಟು ದನಿಯನ್ನು ಪಳಗಿಸಲು ಪ್ರತಿ ಮಂಗಳವಾರ ದಾವಣಗೆರೆಯ ಆಸ್ಪತ್ರೆಗೆ ಬರುತ್ತಿದ್ದರು. ತೊಂದರೆ ಶುರುವಾದದ್ದು ಆ ದಾರಿಯಲ್ಲಿ. ಗಿರಣಿಯಲ್ಲಿ ನೂರಾರು ಮಗ್ಗ ಒಟ್ಟಿಗೆ ಬಡಿಯುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಕೆಲಸಗಾರರು ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾರೆ. ಹನುಮಂತಪ್ಪನವರಿಗೆ ಆ ರೂಢಿ ಹೋಗಿರಲಿಲ್ಲ. ಗಂಗಮ್ಮ ಬಾಯಿ ತೆರೆದರೆ ಸಾಕು, ಸ್ಟೀರಿಂಗ್ ಹಿಡಿದವರು ರಸ್ತೆ ಬಿಟ್ಟು ಅವರ ತುಟಿ ನೋಡುತ್ತಿದ್ದರು. ಜನವರಿಯಲ್ಲಿ ಹಾಗೆ ತಿರುಗಿದಾಗ ಕಾರು ಒಂದು ಟ್ರ್ಯಾಕ್ಟರ್ ಟ್ರೇಲರಿಗೆ ಒಂದು ಗೇಣು ಅಂತರದಲ್ಲಿ ನಿಂತಿತ್ತು. ಅಂದಿನಿಂದ ಗಂಗಮ್ಮ ಓಡುವ ಕಾರಿನಲ್ಲಿ ಬಾಯಿ ಬಿಟ್ಟಿರಲಿಲ್ಲ.

"ಮನೆಯಾಗ ಟಿವಿ, ಕುಕ್ಕರು, ಮಂದಿ. ನಾವಿಬ್ಬರೇ ಇರೋದು ಕಾರಿನಾಗ," ಎಂದರು ಹನುಮಂತಪ್ಪ. ಮೊದಲ ಸಲ ಮೆಲ್ಲಗೆ. "ಅಲ್ಲೂ ಈಕಿ ಮಾತು ಬಿಟ್ಟರೆ ಹೆಂಗೆ?"

ನಾನು ಅವರ ಜೊತೆ ಹಳೇ ಪಿ.ಬಿ. ರಸ್ತೆಯಲ್ಲಿ ಹೋದೆ. ವೇಗ ಐವತ್ತು. ನನ್ನ ಸದ್ದಿನ ಮೀಟರು 73 ಡೆಸಿಬಲ್ ತೋರಿಸಿತು. ಮಾಮೂಲಿ ಮಾತು ಅರವತ್ತರ ಆಸುಪಾಸು ಇರುತ್ತದೆ. ನಿಂತ ಕಾರಿನಲ್ಲಿ ಗಂಗಮ್ಮನ ಮಾತು 52. ಇನ್ನೊಂದು ಲೆಕ್ಕವನ್ನೂ ಇಟ್ಟೆ: ಗಂಗಮ್ಮ ಹತ್ತು ಮಾತು ಹೇಳಬೇಕು, ಹನುಮಂತಪ್ಪ ಕತ್ತು ತಿರುಗಿಸದೆ ಅದನ್ನೇ ಮತ್ತೆ ಹೇಳಬೇಕು. ಹತ್ತರಲ್ಲಿ ಎರಡು ಬಂದವು. "ಹೂಂ" ಅಂದದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಾರು ಬಿಟ್ಟು ಅವರು ಬಸ್ಸಿಗೆ ಹೋದರು. ಬಿಚ್ಚಿ ನೋಡಿದರೆ ಶೀಟುಗಳು ಧೂಳಿನ ಮೇಲೆಯೇ ಕೂತಿದ್ದವು, ಅರ್ಧ ಎದ್ದು ಬಂದಿದ್ದವು. ಬಾಗಿಲಿನ ತಳದಲ್ಲಿ ಮಳೆನೀರು ಇಳಿಯುವ ತೂತುಗಳನ್ನೂ ಮುಚ್ಚಿದ್ದರು. ಎಲ್ಲ ಕೆರೆದು, ಒರೆಸಿ, ಹೊಸದಾಗಿ ಹಾಕಿದೆ. ಗಂಗಮ್ಮನ ಕಡೆಯಿಂದ ಸದ್ದು ಬರಬಾರದೆಂದು ಎಡಬಾಗಿಲಿಗೆ ಎರಡು ಪದರ, ಮೇಲೆ ಫೋಮ್. ಮಾರ್ಚ್ 13ರಂದು ಅವರು ಕಾರು ಒಯ್ಯಲು ಬಂದಾಗ ಮತ್ತೆ ಅದೇ ರಸ್ತೆ: ಮೀಟರು 69. ಮಾತು ಹತ್ತಕ್ಕೆ ಮೂರು.

ಮಾಲೀಕ ಇಮ್ತಿಯಾಜ್ ಭಾಯ್ ನನ್ನ ದಿನಚರಿ ನೋಡಿ ನಕ್ಕರು. "ನಾಲ್ಕು ಕಡಿಮೆ ಆತಲ್ಲೋ, ಬಿಡು. ಶೀಟು ಮಾರೋದು ನಮ್ಮ ಕೆಲಸ. ಗಂಡ ಹೆಂಡ್ತಿ ಮಾತು ಕೇಳಿಸೋದಲ್ಲ."

ಬಿಡಬಹುದಿತ್ತು. ಹಟವೇನೂ ಇರಲಿಲ್ಲ, ದಣಿದಿದ್ದೆ. ಆದರೆ ಆ ಮೂರು ಎಂಬ ಅಂಕಿಯ ಎದುರು 'ಮುಗಿಯಿತು' ಎಂದು ಬರೆಯಲು ಕೈ ಬರಲಿಲ್ಲ. 18ನೇ ತಾರೀಖು ಮಂಗಳವಾರ ಅವರು ಆಸ್ಪತ್ರೆಯಲ್ಲಿದ್ದಾಗ ಎಡಬದಿಯ ನೆಲಕ್ಕೂ ಇನ್ನೊಂದು ಪದರ ಹಾಕಿ, ಬಾಗಿಲಿನ ಸುತ್ತಲ ಹಳೆ ರಬ್ಬರ್ ಬೀಡಿಂಗ್ ಬದಲಿಸಿದೆ. ಅವರು ವಾಪಸ್ ಬರುವಷ್ಟರಲ್ಲಿ ಕೆಲವು ಪ್ಯಾಡ್ ಕೂಡಿಸುವುದು ಬಾಕಿಯಿತ್ತು. ಅವನ್ನು ಹಿಂದಿನ ಎಡ ಸೀಟಿನಲ್ಲಿ ಪೇರಿಸಿ, ನಾನು ಯಾವಾಗಲೂ ಕೂರುವ ಜಾಗ ಬಿಟ್ಟು ಬಲಕ್ಕೆ, ಹನುಮಂತಪ್ಪನವರ ಬೆನ್ನ ಹಿಂದೆ ಕೂತೆ.

ರಸ್ತೆಗೆ ಬಂದೆವು. ಗಂಗಮ್ಮ ಒಂದು ಮಾತು ಹೇಳಿದರು. ಹನುಮಂತಪ್ಪ ಸುಮ್ಮನೆ. ಇನ್ನೊಂದು ಹೇಳಿದರು. ಸುಮ್ಮನೆ. ನನ್ನ ಬೆನ್ನು ಸಿಡಿಯುತ್ತಿತ್ತು. ಮುಂದಕ್ಕೆ ವಾಲಿ, ಅವರ ಸೀಟಿಗೆ ಹಣೆ ಊರಿ, ಮೀಟರು ನೋಡಿ ನನಗೆ ನಾನೇ ಗೊಣಗಿಕೊಂಡೆ: "ಅರವತ್ತೆಂಟು."

"ಏನದು ಅರವತ್ತೆಂಟು?" ಎಂದರು ಹನುಮಂತಪ್ಪ. ಕತ್ತು ತಿರುಗಿಸಲಿಲ್ಲ. ಕಣ್ಣು ರಸ್ತೆಯ ಮೇಲೇ ಇತ್ತು.

ಗಾಡಿ ಬದಿಗೆ ಹಾಕಿಸಿದೆ. "ಅಪ್ಪಾರೆ, ಗಿರಣಿಯಾಗ ನೀವು ನಿಲ್ಲೋ ಜಾಗದಾಗ ಮಗ್ಗ ಯಾವ ಕಡೆ ಇತ್ತು?"

"ಎಡಕ್ಕೆ. ಬಲಕ್ಕೆ ಗೋಡೆ. ಯಾಕ?"

ಯಾಕೆಂದು ಹೇಳಲು ನಾಚಿಕೆಯಾಯಿತು. ನನ್ನ ಗೊಣಗು ಕೇಳಿದ್ದು ಬಲಗಿವಿಗೆ. ಇಪ್ಪತ್ತು ವರ್ಷ ಮಗ್ಗ ಬಡಿದು ಮಂದವಾದದ್ದು ಎಡಗಿವಿ. ಆ ಕಿವಿಯ ಪಕ್ಕದಲ್ಲೇ ಗಂಗಮ್ಮ ಕೂರುತ್ತಿದ್ದರು. ನಾನು ಮೂರು ಸಲ ಕಾರು ಅಳೆದಿದ್ದೆ. ಕೇಳುವ ಮನುಷ್ಯನಿಗೆ ಯಾವ ಕಿವಿ ಚೆನ್ನಾಗಿದೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಉಪಾಯ ಸುಲಭವಿತ್ತು: ಗಂಗಮ್ಮ ಡ್ರೈವರ್ ಹಿಂದಿನ ಸೀಟಿಗೆ ಬರಬೇಕು. ಬಾಯಿ ಬಲಗಿವಿಗೆ ಹತ್ತಿರವಾಗುತ್ತದೆ. ದೂರ ಅರ್ಧಕ್ಕೆ ಇಳಿದರೆ ದನಿ ಸುಮಾರು ಆರು ಡೆಸಿಬಲ್ ಏರುತ್ತದೆ. ನನ್ನ ಅಷ್ಟೂ ಶೀಟು ಕೊಟ್ಟದ್ದು ಐದು. ಜೊತೆಗೆ ಹಿಂದೆ ಕೂತವರ ತುಟಿ ನೋಡುವ ಆಸೆಯೇ ಹುಟ್ಟುವುದಿಲ್ಲ.

ಗಂಗಮ್ಮ ಒಪ್ಪಲಿಲ್ಲ. "ಕಾರು ತಗೊಂಡಾಗಿಂದ ಮುಂದಿನ ಸೀಟು ನಂದು. ಹಿಂದೆ ಕೂತರೆ ಓಣಿ ಮಂದಿ ಇವರನ್ನ ನನ್ನ ಡ್ರೈವರ್ ಅಂತಾರೆ."

ನಾನು ಅದನ್ನು ಜೋರಾಗಿ ಹೇಳಿದೆ. ಹನುಮಂತಪ್ಪ ನಕ್ಕುಬಿಟ್ಟರು. "ಮತ್ತೆ ಇಷ್ಟು ವರ್ಷ ನಾನು ಏನಾಗಿದ್ದೆ? ಹಿಂದೆ ಬಾ. ನೀನು ಸುಮ್ಮನೆ ಕೂತರೆ ನಂಗೆ ದಾರಿ ಸಾಗಲ್ಲ."

ಗಂಗಮ್ಮ ಡ್ಯಾಶ್‌ಬೋರ್ಡ್ ಮೇಲಿನ ಧೂಳು ಒರೆಸಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಇಳಿದರು.

ಮುಂದಿನ ವಾರ ಬಲಬದಿಯ ಎರಡೂ ಬಾಗಿಲು ಬಿಚ್ಚಿ, ಎಡಕ್ಕೆ ಮಾಡಿದ್ದನ್ನೆಲ್ಲ ಅಲ್ಲಿಗೂ ಮಾಡಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಮಾರ್ಚ್ 25ರ ಸಂಜೆ ಕೊನೆಯ ಪರೀಕ್ಷೆ: ಮೀಟರು 66, ಹತ್ತಕ್ಕೆ ಎಂಟು. ಕತ್ತು ಒಂದು ಸಲವೂ ತಿರುಗಲಿಲ್ಲ. ಹರಿಹರದ ಮನೆ ಮುಂದೆ ಇಳಿದಾಗ ಗಂಗಮ್ಮ ನನ್ನ ತೋಳು ಹಿಡಿದು ಬಗ್ಗಿಸಿದರು. "ಹತ್ತು ಅಂತಾನೇ ಬರ್ಕೊ. ಆ ಎರಡೂ 'ಟೀ ಕುಡಿಯೋದು ಬಿಡ್ರಿ' ಅಂದಿದ್ದು. ಅದಕ್ಕೆ ಮಾತ್ರ ಕಿವುಡಾದರು."

ನಾನು ಎಂಟು ಎಂದೇ ಬರೆದೆ.

ಅದಾದ ಮೇಲೆ ಕೆಲಸ ಬೇರೆಯೇನೂ ಆಗಿಲ್ಲ. ಅದೇ ಅಂಟು, ಅದೇ ಸೊಂಟ. ಒಂದು ಮಾತ್ರ ಕಲಿತಿದ್ದೇನೆ. ಸದ್ದು ಕಡಿಮೆ ಮಾಡಿಕೊಡಿ ಎಂದು ಬಂದವರಿಗೆ ನಿಜವಾಗಿ ಬೇಕಾಗಿರುವುದು ಮೌನವಲ್ಲ, ಬೇರೆ ಏನನ್ನೋ ಕೇಳುವುದು. ಅದು ಏನೆಂದು ತಿಳಿಯದೆ ಶೀಟು ಕತ್ತರಿಸಿದರೆ ಸಾಮಾನೂ ದಂಡ, ಶ್ರಮವೂ ದಂಡ. ಹಾಗಾಗಿ ಮೀಟರು ಹೊರತೆಗೆಯುವ ಮೊದಲು ಎಲ್ಲರನ್ನೂ ವಿಚಾರಿಸುತ್ತೇನೆ: ಏನು ಕೇಳಬೇಕು ನಿಮಗೆ? ಹೆಚ್ಚಿನವರು "ಹಾಡು" ಅನ್ನುತ್ತಾರೆ. ಬರೆದುಕೊಂಡು ಸೀಟು ಬಿಚ್ಚಲು ಬಗ್ಗುತ್ತೇನೆ.