ಮೋಡವಿಲ್ಲದ ಕಣಿವೆಗೆ ಬಂದ ನೀರು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ನನ್ನಷ್ಟು ಪುಕ್ಕಲು ಇನ್ನೊಬ್ಬರಿರಲಿಲ್ಲ. ಜಿರಳೆ ಕಂಡರೆ ಭಯ, ಲಿಫ್ಟ್ ಹತ್ತಲು ಭಯ, ಕ್ಲಾಸಿನಲ್ಲಿ ಟೀಚರ್ ಹೆಸರು ಕರೆದರೂ ಎದೆ ಡವಡವ. ಆದರೆ ಮಕ್ಕಳೇ, ಅವೆಲ್ಲ ಪುಡಿ ಭಯಗಳು. ನಿಜವಾದ ಭಯ ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಎಂಟು ವರ್ಷದವನಿದ್ದಾಗ, ಒಂದು ಶುಕ್ರವಾರ ಮಧ್ಯಾಹ್ನ.

ಆಗ ನಾವು ಸೌದಿ ಅರೇಬಿಯಾದ ನಜ್ರಾನ್‌ನಲ್ಲಿದ್ದೆವು. ಉಡುಪಿ ಕಡೆಯ ನಮ್ಮ ಅಪ್ಪ ಅಲ್ಲಿ ಜನರೇಟರ್ ರಿಪೇರಿ ಮಾಡುತ್ತಿದ್ದರು. ಶುಕ್ರವಾರದ ರಜೆ ಬಂತೆಂದರೆ ನಮ್ಮನ್ನು ಎಲ್ಲಿಗಾದರೂ ಸುತ್ತಾಡಿಸಲೇಬೇಕು, ಅದೂ ಬಿಟ್ಟಿಯಾಗಿ! ಮಣ್ಣಿನ ಗೋಡೆಯ ಹಳೇ ಅರಮನೆ, ಅಣೆಕಟ್ಟು, ಪಾರ್ಕು, ಟಿಕೆಟ್ ಇಲ್ಲದ ಒಂದು ಜಾಗವನ್ನೂ ಅವರು ಬಿಟ್ಟವರಲ್ಲ. ಆ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಬಿಟ್ಟಿ ತಮಾಷೆ ಎಂದರೆ ಮಳೆ. ಅಪರೂಪಕ್ಕೆ ಒಂದು ಮಳೆ ಬಿದ್ದರೆ ಸಾಕು, ಜನ ಚಾಪೆ, ಚಹಾದ ಫ್ಲಾಸ್ಕ್ ಹಿಡಿದು ಗುಡ್ಡಗಳ ನಡುವಿನ ಒಣ ಹೊಳೆಗಳ ಕಡೆಗೆ ಹೊರಟುಬಿಡುತ್ತಿದ್ದರು, ಗುಂಡಿಯಲ್ಲಿ ನಿಂತ ನೀರು ನೋಡಲಿಕ್ಕೆ. ಆ ಒಣ ಹೊಳೆಗೆ ಅಲ್ಲಿ ವಾದಿ ಎನ್ನುತ್ತಾರೆ.

ಅಪ್ಪನಿಗೆ ಆ ಮಳೆಯ ಬಗ್ಗೆ ಎಲ್ಲಿಲ್ಲದ ತಾತ್ಸಾರ. "ಎಂತ ಮಾರಾಯ್ತಿ, ಇದೂ ಒಂದು ಮಳೆಯಾ? ನಮ್ಮ ಊರಲ್ಲಿ ಇದಕ್ಕೆ ಕೊಡೆ ಸಹ ಬಿಡಿಸುದಿಲ್ಲ," ಎಂದು ಅಮ್ಮನ ಹತ್ತಿರ ಹೇಳುತ್ತಿದ್ದರು. ನೀರಿನ ವಿಷಯ ಕರಾವಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ ಎಂಬುದು ಅವರ ಜಂಬ.

ಆ ದಿನ ಬೆಳಿಗ್ಗೆ ನಾಲ್ಕು ಹನಿ ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ನೆತ್ತಿಯ ಮೇಲೆ ಒಂದು ಮೋಡವೂ ಇರಲಿಲ್ಲ. ಗದ್ದಲ ಬೇಡವೆಂದು ಅಪ್ಪ ಎಲ್ಲರಿಗಿಂತ ಮುಂದೆ, ಇಕ್ಕಟ್ಟಾದ ಒಂದು ಕಣಿವೆಗೆ ಕರೆದೊಯ್ದರು. ಕಾರನ್ನು ಮೇಲೆ ರಸ್ತೆಯ ಬದಿಗೆ ನಿಲ್ಲಿಸಿ ನಾವು ಹೊಳೆಯ ಮರಳಿಗೇ ಇಳಿದು ಚಾಪೆ ಹಾಸಿದೆವು. ಮರಳು ತಣ್ಣಗಿತ್ತು, ಒದ್ದೆ ಮಣ್ಣಿನ ವಾಸನೆ ಘಮ್ಮೆನ್ನುತ್ತಿತ್ತು. ಮಧ್ಯದಲ್ಲಿ ಬೆರಳಿನಷ್ಟು ದಪ್ಪದ ನೀರು ಹರಿಯುತ್ತಿತ್ತು. ಅಮ್ಮ ಡಬ್ಬಿ ಬಿಚ್ಚಿ ನೀರುದೋಸೆ, ಕೋಳಿಸುಕ್ಕ ಬಡಿಸಿದರು. ಊಟ ಮುಗಿದ ಮೇಲೆ ಅಕ್ಕ, ಆಗ ಅವಳಿಗೆ ಹದಿಮೂರು, ತಟ್ಟೆಗಳನ್ನು ಎತ್ತಿಕೊಂಡು ತೊಳೆಯಲು ಹೋದಳು. ಹರಿಯುವ ನೀರು ಕಂಡರೆ ನಮ್ಮವರ ಕೈ ಸುಮ್ಮನಿರುತ್ತದೆಯೇ? ಸ್ವಲ್ಪ ಮೇಲೆ, ತಿರುವಿನ ಹತ್ತಿರ ಚಪ್ಪಟೆ ಬಂಡೆಯೊಂದರ ಮೇಲೆ ಅವಳು ಕೂತಿದ್ದು ನನಗೆ ಕಾಣುತ್ತಿತ್ತು.

ಆಗಲೇ ಆಚೆ ದಂಡೆಯ ಮೇಲೆ ಒಬ್ಬ ಕುರುಬ ಬಂದ. ಸೊರಗಿದ ಮುದುಕ, ಮಾಸಿದ ನಿಲುವಂಗಿ. ಅವನ ಆಡುಗಳೆಲ್ಲ ಹೊಳೆ ಬಿಟ್ಟು ಬಂಡೆ ಹತ್ತುತ್ತಿದ್ದವು. ಅವನು ಕೋಲೆತ್ತಿ ನಮ್ಮ ಕಡೆ ಬೀಸುತ್ತಾ ಅರಬ್ಬಿಯಲ್ಲಿ ಕೂಗತೊಡಗಿದ.

"ಏನೋ ಹೇಳ್ತಾ ಇದ್ದಾನೆ ಮಾರ್ರೆ. ಏಳುವ," ಎಂದರು ಅಮ್ಮ.

"ಕೂತ್ಕೊ. ಅವನ ಆಡಿಗೆ ಜಾಗ ಬೇಕಾಗಿದೆ, ಅಷ್ಟೇ. ಬಿಟ್ಟಿ ಜಾಗ ಇದು, ಅವನ ಅಜ್ಜನದ್ದಾ?" ಎಂದ ಅಪ್ಪ ಎದ್ದು ನಿಂತು ಅವನಂತೆಯೇ ಕೈ ಬೀಸಿ ಅಣಕಿಸಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮೊದಲು ಸದ್ದು ಬಂತು. ಏರಿನಲ್ಲಿ ಟ್ಯಾಂಕರ್ ಲಾರಿ ಹತ್ತುವಂಥ ಸದ್ದು. ನನ್ನ ಕಾಲ ಬಳಿಯ ನೀರು ಕೆಂಪಗಾಯಿತು, ಅದರಲ್ಲಿ ನೊರೆ, ಒಣ ಕಡ್ಡಿ. ಅಪ್ಪನ ಮುಖ ಬಿಳಿಚಿಕೊಂಡಿತು. ನನ್ನನ್ನು ಎತ್ತಿ ದಂಡೆಯ ಬಂಡೆಯ ಮೇಲೆ ಎಸೆದೇಬಿಟ್ಟರು, ಅಮ್ಮನನ್ನು ನೂಕಿ ಹತ್ತಿಸಿದರು. "ಮಗಳೇ!" ಎಂದು ಕೂಗುತ್ತಾ ತಿರುಗುವಷ್ಟರಲ್ಲಿ ನೀರು ಅವರ ಮೊಣಕಾಲಿಗೆ ಬಂದಿತ್ತು. ನಾಲ್ಕು ಹೆಜ್ಜೆ ಇಡುವುದರೊಳಗೆ ಸೊಂಟಕ್ಕೆ ಬಂತು. ಅವರು ಬಿದ್ದರು, ಎದ್ದರು, ಒಂದು ಜಾಲಿ ಗಿಡ ಹಿಡಿದು ಹೇಗೋ ದಂಡೆಗೆ ತೆವಳಿದರು. ನಮ್ಮ ಚಾಪೆ, ಡಬ್ಬಿ ಎಲ್ಲ ಕಣ್ಣೆದುರೇ ಕೊಚ್ಚಿಕೊಂಡು ಹೋದವು.

ಅಕ್ಕ ಬಂಡೆಯ ಮೇಲೆ ತಟ್ಟೆಗಳನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಸುತ್ತಲೂ ಕೆಂಪು ನೀರು. ನನ್ನ ಚಡ್ಡಿ ಒದ್ದೆಯಾಗಿತ್ತು. ಅದು ಹೊಳೆಯ ನೀರಲ್ಲ. ನಗಬೇಡಿ. ಅಕ್ಕ ಇನ್ನು ಬರುವುದಿಲ್ಲ ಎಂದೇ ನಾನು ತಿಳಿದುಕೊಂಡಿದ್ದೆ.

ಆ ಮುದುಕ ಬಂಡೆಯಿಂದ ಬಂಡೆಗೆ ಜಿಗಿಯುತ್ತಾ ಅವಳ ಹತ್ತಿರ ಇಳಿದ. ಇಳಿದವನು ಒಂದು ಕ್ಷಣ ತಡೆದ. ಆ ಸೀಮೆಯಲ್ಲಿ ಪರ ಗಂಡಸು ಬೇರೆ ಮನೆಯ ಹೆಣ್ಣುಮಗಳನ್ನು ಮುಟ್ಟುವುದಿರಲಿ, ಮುಖವೆತ್ತಿ ನೋಡುವುದೂ ಇಲ್ಲ. ಅವನು ಕೈ ಚಾಚಲಿಲ್ಲ. ಕೋಲನ್ನು ತಿರುಗಿಸಿ ಅದರ ಬಾಗಿದ ತುದಿಯನ್ನು ಅವಳ ಕಡೆ ಚಾಚಿದ. "ಯಲ್ಲಾ, ಬಿಂತಿ, ಯಲ್ಲಾ!" ಎಂದ. ಯಲ್ಲಾ ಎಂದರೆ ಬೇಗ, ಬಿಂತಿ ಎಂದರೆ ನನ್ನ ಮಗಳೇ ಎಂದರ್ಥ. ಅಕ್ಕ ತಟ್ಟೆಗಳನ್ನು ಬಿಟ್ಟು ಕೋಲು ಹಿಡಿದು ಹಾರಿದಳು. ಅವಳು ನಿಂತಿದ್ದ ಬಂಡೆ ಸ್ವಲ್ಪ ಹೊತ್ತಿಗೇ ಮುಳುಗಿತು.

ನೀರು ಇಳಿಯುವ ತನಕ ನಾವು ಈ ದಂಡೆಯಲ್ಲಿ, ಅಕ್ಕ ಆ ದಂಡೆಯಲ್ಲಿ. ಮುದುಕ ಅವಳಿಗೆ ತನ್ನ ಕಂಬಳಿ ಹೊದೆಯಲು ಕೊಟ್ಟು ತಾನು ದೂರ ಹೋಗಿ ಬೆನ್ನು ಮಾಡಿ ಕೂತಿದ್ದ. ಮಳೆ ಸುರಿದದ್ದು ಎಲ್ಲೋ ದೂರದ ಬೆಟ್ಟಗಳ ಮೇಲೆ. ನಮ್ಮ ಊರಿನ ಹೊಳೆ ಏರುವಾಗ ತಲೆಯ ಮೇಲೂ ಮಳೆ ಇರುತ್ತದೆ, ಅಪ್ಪನಿಗೆ ಗೊತ್ತಿದ್ದದ್ದು ಅಷ್ಟೇ. ಸಂಜೆ ಹೊಳೆ ದಾಟಿ ಅಪ್ಪ ಅವನ ಎರಡೂ ಕೈ ಹಿಡಿದುಕೊಂಡು ಅತ್ತರು. ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಈಗ ನಿಮ್ಮ ಫೋನು, ಎಲ್ಲಿ ಮಳೆ ಬೀಳುತ್ತದೆ, ಯಾವ ಹೊಳೆಗೆ ಇಳಿಯಬಾರದು ಎಂದು ಹಿಂದಿನ ದಿನವೇ ಹೇಳುತ್ತದೆ. ಅದು ಒಮ್ಮೆ ಕಿರ್ ಎಂದರೆ ಸಾಕು, ನೀವು ಹೊರಟ ಪ್ರವಾಸವನ್ನೇ ಬಿಟ್ಟು ಮನೆಯಲ್ಲಿ ಕೂರುತ್ತೀರಿ. ಒಳ್ಳೆಯದೇ. ನಮಗೆ ಹೇಳಲು ಬಂದವನ ಬಟ್ಟೆ ಮಾಸಿತ್ತು, ಹಾಗಾಗಿ ನಾವು ನಕ್ಕೆವು. ನೀರಿನ ಭಯ ನನಗೆ ಎಂದೋ ಹೋಯಿತು, ಈಜೂ ಕಲಿತೆ. ಆದರೆ ನಾನು ನಗುತ್ತಿದ್ದ ಅಷ್ಟೂ ಹೊತ್ತು ಆ ಮುದುಕ ಕೂಗುವುದನ್ನು ನಿಲ್ಲಿಸಿರಲಿಲ್ಲ. ಬೇಸರಪಟ್ಟು ಆಡುಗಳ ಹಿಂದೆ ಹೊರಟುಹೋಗಿದ್ದರೆ? ಈ ವಯಸ್ಸಿನಲ್ಲೂ ನನ್ನನ್ನು ಬಿಡದ ಭಯ ಅದೊಂದೇ.