ಎರಡನೇ ಗಿಯರ್ ಮತ್ತು ನನ್ನ ಎಡಗಾಲು

ಕಾರು ಓಡಿಸಲು ಕಲಿತಾಗ ನನಗೆ ನಲವತ್ತಾರು ವರ್ಷ. ಔರಾದ್ ತಾಲ್ಲೂಕಿನ ಠಾಣಾ ಕುಶನೂರಿಗೆ ನರ್ಸಾಗಿ ವರ್ಗವಾಗಿತ್ತು, ಮನೆ ಮಾತ್ರ ಬೀದರದಲ್ಲೇ. ಬಸ್ಸುಗಳೇನೋ ಇದ್ದವು. ಆದರೆ ಹೆರಿಗೆಗಳು ಬಸ್ಸಿನ ವೇಳೆ ನೋಡಿಕೊಂಡು ಮುಗಿಯುವುದಿಲ್ಲವಲ್ಲ! ಹೀಗಾಗಿ ಹಳೆಯದೊಂದು ಸಣ್ಣ ಕಾರು ಕೊಂಡೆವು.

ಕಲಿಸಿದವರು ನನ್ನ ಗಂಡ. ಶಾಲೆಯಲ್ಲಿ ಗಣಿತ ಹೇಳುವ ಮಾಸ್ತರು. ಭಾನುವಾರ ಚರ್ಚಿನ ಆರಾಧನೆ ಮುಗಿದ ಮೇಲೆ ಖಾಲಿ ಮೈದಾನದಲ್ಲಿ ನನ್ನ ಪಾಠ. ಗಾಡಿ ಜರ್ಕು ಹೊಡೆದು ನಿಂತಾಗಲೆಲ್ಲ, ಲೆಕ್ಕ ತಪ್ಪಿದ ಹುಡುಗನಿಗೆ ಹೇಳುವ ದನಿಯಲ್ಲಿ, "ಮತ್ತೊಮ್ಮಿ ಮಾಡು" ಅನ್ನುತ್ತಿದ್ದರು. ಲೈಸೆನ್ಸ್ ಬಂದ ದಿನ ನನಗಿಂತ ಅವರೇ ಹೆಚ್ಚು ಬೀಗಿದರು.

ಎರಡು ವರ್ಷ ಎಲ್ಲ ಸರಿಯಿತ್ತು. ಒಂದು ಸಂಜೆ ಮಾಂಜ್ರಾ ಸೇತುವೆ ದಾಟಿ ಬೀದರದ ಏರು ಹತ್ತುವಾಗ ಮೂರರಿಂದ ಎರಡನೇ ಗಿಯರಿಗೆ ಹಾಕಿದೆ. ಒಳಗೆ ಯಾರೋ ಜಲ್ಲಿಕಲ್ಲು ಅರೆದಂತೆ ಕರಕರ ಸದ್ದಾಯಿತು. ಮರುದಿನವೂ ಅದೇ. ಹೆದರಿ, ಎರಡನೇ ಗಿಯರಿನ ಸಹವಾಸವನ್ನೇ ಬಿಟ್ಟೆ. ಒಂದರಿಂದ ನೇರ ಮೂರಕ್ಕೆ ಹಾಕುತ್ತಿದ್ದೆ, ಗಾಡಿ ಗಡಗಡ ನಡುಗಿಕೊಂಡು ಮುಂದೆ ಹೋಗುತ್ತಿತ್ತು. ಮಗುವಿಗೆ ಲಸಿಕೆ ಹಾಕಿಸಿಕೊಂಡು ನನ್ನ ಜೊತೆಗೇ ಹೊರಟಿದ್ದ ಹೆಂಗಸೊಬ್ಬಳು, "ಯಾಕ್ರಿ ನರ್ಸಬಾಯಿ, ಗಾಡಿಗಿ ಥಂಡಿ ಹತ್ಯಾದೇನ್ರಿ?" ಎಂದು ಕೇಳಿದಳು. ನಗು ಬಂತು, ಆದರೆ ಚಿಂತೆ ಹೋಗಲಿಲ್ಲ.

ಊರಿನ ಗ್ಯಾರೇಜೊಂದರಲ್ಲಿ ತೋರಿಸಿದೆವು. ಗಿಯರ್ ಬಾಕ್ಸ್ ಪೂರ್ತಿ ಇಳಿಸಬೇಕು, ಎಂಟು ದಿನ ಗಾಡಿ ಬಿಟ್ಟು ಹೋಗಿ ಅಂದರು. ಎಂಟು ದಿನ ಗಾಡಿಯಿಲ್ಲದೆ ನಾನು ಏನು ಮಾಡಲಿ? ಆಗ ಗಂಡನ ಶಾಲೆಯ ಇನ್ನೊಬ್ಬ ಮಾಸ್ತರು ತಮ್ಮೂರು ಭಾಲ್ಕಿಯಲ್ಲಿ ಗಾಡಿ ರಿಪೇರಿ ಮಾಡುವ ಮಿಸ್ತ್ರಿಯೊಬ್ಬರ ಬಗ್ಗೆ ಹೇಳಿದರು. "ಅವರು ಬಿಚ್ಚೂಕ ಮೊದಲ ವಿಚಾರ ಮಾಡ್ತಾರ" ಎಂಬ ಮಾತು ನನಗೆ ಹಿಡಿಸಿತು. ಬರುವ ರಜೆಯ ದಿನವೇ ಹೊರಟೆವು.

ಭಾಲ್ಕಿಯ ಹೊರಗೆ ಬೇವಿನ ಮರದ ಪಕ್ಕದಲ್ಲಿ ಅವರ ತಗಡಿನ ಶೆಡ್ಡು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಕುರಿ ಸಾಕುವ ಮನೆತನವಂತೆ. ಅಣ್ಣಂದಿರು ಇವತ್ತಿಗೂ ಹಿಂಡಿನ ಜೊತೆಗಿದ್ದಾರೆ, ಇವರೊಬ್ಬರೇ ನಟ್ಟು ಬಿಚ್ಚುವ ಪಾನಾ ಹಿಡಿದವರು. ಬಾನೆಟ್ ಎತ್ತಬಹುದೆಂದು ಕಾಯುತ್ತಿದ್ದೆ. ಅವರು ಅದನ್ನು ಮುಟ್ಟಲೂ ಇಲ್ಲ.

"ಗಾಡಿ ಯಾರು ಹೊಡೀತಾರ್ರಿ?"

ಗಂಡ ನನ್ನ ಕಡೆ ಕೈ ತೋರಿಸಿದರು.

"ಹಂಗಾದ್ರ ಅಕ್ಕಾರೇ ಹೊಡೀಲಿ. ನಾ ಬಾಜೂಕ ಕೂಡ್ತೇನಿ. ಮಾಸ್ತರ್, ನೀವು ಹಿಂದ ಕೂಡ್ರಿ."

ರಸ್ತೆಗಿಳಿದೆವು. ಮಿಸ್ತ್ರಿ ರಸ್ತೆಯನ್ನೂ ನೋಡುತ್ತಿರಲಿಲ್ಲ, ಗಿಯರನ್ನೂ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ನನ್ನ ಕಾಲನ್ನು.

"ಅಕ್ಕಾರ, ನಿಮ್ಮ ಎಡಗಾಲು ಎಲ್ಲಿ ಅದರಿ?"

"ಕ್ಲಚ್ ಮ್ಯಾಲ ಅದ."

"ಈಗೇನು ಗಿಯರ್ ಹಾಕ್ಲತಿಲ್ಲಲ್ಲ. ಮತ್ತ ಅಲ್ಲಿ ಯಾಕ?"

"ಜಲ್ದಿ ಬೇಕಾದ್ರ ಇರ್ಲಿ ಅಂತ."

"ಹಂಗಂತ ಯಾರು ಕಲಿಸ್ಯಾರ್ರಿ?"

ಕನ್ನಡಿಯಲ್ಲಿ ನೋಡಿದೆ. ನನ್ನ ಗಂಡ ಕಿಟಕಿಯಾಚೆಯ ಜೋಳದ ಹೊಲವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಮಿಸ್ತ್ರಿಗೆ ಅರ್ಥವಾಯಿತು. ಮೀಸೆಯಡಿಯಲ್ಲೇ ನಕ್ಕು, ಒಮ್ಮೆ ಎರಡನೇ ಗಿಯರಿಗೆ ಹಾಕಿಸಿ ಆ ಕರಕರ ಸದ್ದನ್ನೂ ಕೇಳಿದರು.

"ದಿನಾ ಕಾಲಿನ ಭಾರ ಬಿದ್ದು ಕ್ಲಚ್ಚಿನ ವೈರ್ ಜಗ್ಗ್ಯಾದರಿ. ನೀವು ಪೂರಾ ಒತ್ತಿದ್ರೂ ಅದು ಪೂರಾ ಬಿಡ್ಲತಿಲ್ಲ. ಅದಕ್ಕ ಹಲ್ಲಿಗಿ ಹಲ್ಲು ಬಡೀತಾವ. ಇದು ಒಂದು. ಗಿಯರ್ ಬಾಕ್ಸಿನ ಒಳಗ ಎಣ್ಣಿ ಹ್ಯಾಂಗ ಅದ ಅಂತ ಇನ್ನ ನೋಡಬೇಕು."

ಐರನ್ ಗುಳಿಗೆ ನುಂಗದ ಬಸುರಿಯರನ್ನು ದಿನವೂ ಬೈಯುವವಳು ನಾನು. ಅವತ್ತು ಬೈಸಿಕೊಳ್ಳುವ ಸರದಿ ನನ್ನದಾಗಿತ್ತು. ವಿಚಿತ್ರವೆಂದರೆ ಮನಸ್ಸು ಹಗುರಾಯಿತು. ಕೆಟ್ಟದ್ದು ಏನೆಂದು ತಿಳಿದರೆ ಅರ್ಧ ಭಯ ಹೋಗುತ್ತದೆ.

ಶೆಡ್ಡಿನ ಗುಂಡಿಯ ಮೇಲೆ ಗಾಡಿ ನಿಲ್ಲಿಸಿ ಅವರು ಕೆಳಗಿಳಿದರು. ಹಳೆಯ ಎಣ್ಣೆ ಇಳಿಸುವ ನಟ್ಟು ಕೆಳಗಿತ್ತು. ಅದನ್ನು ಬಿಟ್ಟು, ಮೇಲಿದ್ದ ಎಣ್ಣೆ ತುಂಬುವ ನಟ್ಟಿಗೆ ಪಾನಾ ಹಚ್ಚಿದರು. ಅದು ತುಕ್ಕು ಹಿಡಿದು ಕೂತಿತ್ತು.

"ಮೊದಲ ಕೆಳಗಿಂದು ಬಿಚ್ಚಬೇಕಲ್ಲೇನು?" ಎಂದು ಗಂಡ ಕೇಳಿದರು.

"ಎಣ್ಣಿ ಪೂರಾ ಇಳಿಸಿದ ಮ್ಯಾಗ ಇದು ಬಿಚ್ಚಲಿಲ್ಲ ಅಂದ್ರ ಹೊಸಾದು ಎಲ್ಲಿಂದ ಹಾಕ್ತೀರಿ, ಮಾಸ್ತರ್?"

ಗಣಿತದ ಮಾಸ್ತರು ಒಪ್ಪಿ ತಲೆಯಾಡಿಸಿದರು. ಮಿಸ್ತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸಣ್ಣಗೆ ಬಡಿದು, ಕಾದು, ಮತ್ತೆ ತಿರುಗಿಸಿದರು. ಅರ್ಧ ಗಂಟೆಯ ಮೇಲೆ ಅದು ಕಿರ್ರೆಂದು ಸಡಿಲಾಯಿತು. ಅದನ್ನು ಯಾರೂ ಎಂದೂ ಬಿಚ್ಚಿರಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕೆಳಗಿನ ನಟ್ಟು ತೆಗೆದಾಗ ಬಂದ ಎಣ್ಣೆ ಕಪ್ಪಗಿತ್ತು, ಇರಬೇಕಾದ್ದರ ಅರ್ಧವೂ ಇರಲಿಲ್ಲ. ಚಕ್ರದ ಕಡೆಯ ರಬ್ಬರ್ ಸೀಲ್ ಹಳತಾಗಿ ತೊಟ್ಟು ತೊಟ್ಟಾಗಿ ಸೋರಿತ್ತು. ನಟ್ಟಿನ ತುದಿಯ ಅಯಸ್ಕಾಂತಕ್ಕೆ ಬೂದುಬಣ್ಣದ ಮೆತ್ತನೆಯ ರಾಡಿ ಹತ್ತಿತ್ತು. ಮಿಸ್ತ್ರಿ ಅದನ್ನು ಬೆರಳಲ್ಲಿ ಉಜ್ಜಿ ನನ್ನ ಮುಂದೆ ಹಿಡಿದರು.

"ನೀವೂ ಮುಟ್ಟಿ ನೋಡ್ರಿ. ಹಿಟ್ಟಿನಂಗ ಅದಲ್ರಿ? ಫಿಕರ್ ಮಾಡಬ್ಯಾಡ್ರಿ. ಚೂರು ಸಿಕ್ಕಿದ್ರ ಹಲ್ಲು ಮುರದಾವ ಅಂತ ತಿಳೀಬೇಕು."

ನಾನು ಉಜ್ಜಿ ನೋಡಿದೆ. ನುಣ್ಣಗಿತ್ತು. ಎಷ್ಟೋ ದಿನಗಳ ಮೇಲೆ ಸಮಾಧಾನದ ಉಸಿರು ಬಿಟ್ಟೆ.

ಸೀಲ್ ಬದಲಾಯಿತು, ಕ್ಲಚ್ಚಿನ ವೈರು ಹೊಸದು ಬಂತು. ಹೊಸ ಎಣ್ಣೆಯನ್ನು ಮೇಲಿನ ತೂತಿನಿಂದ ತುಳುಕುವವರೆಗೆ ತುಂಬಿ ನಟ್ಟು ಬಿಗಿದರು. ಅಷ್ಟರಲ್ಲಿ ಮಿಸ್ತ್ರಿಯ ಹೆಂಡತಿ ಬುತ್ತಿ ತಂದರು. ಬೇಡವೆಂದರೂ ಕೇಳದೆ ನಮ್ಮಿಬ್ಬರಿಗೂ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಬೇವಿನ ನೆರಳಲ್ಲಿ ಕೂತು ಉಂಡೆವು.

ವಾಪಸು ಬರುವಾಗ ಎರಡನೇ ಗಿಯರಿಗೆ ಹಾಕಿದೆ. ಬೆಣ್ಣೆಯಲ್ಲಿ ಬೆರಳಿಟ್ಟಂತೆ ಹೋಗಿ ಕೂತಿತು. ಸುಮ್ಮನೆ ಖುಷಿಗೆ ಮತ್ತೆ ಮತ್ತೆ ಹಾಕಿದೆ. ಬೀದರದವರೆಗೆ ಗಂಡ ನನ್ನ ಎಡಗಾಲನ್ನೇ ಕಾವಲು ಕಾಯುತ್ತಿದ್ದರು. ಕಾಲು ನನಗೇ ತಿಳಿಯದಂತೆ ಕ್ಲಚ್ಚಿನತ್ತ ಸರಿದಾಗಲೆಲ್ಲ ಕೆಮ್ಮುತ್ತಿದ್ದರು. ಊರು ಹತ್ತಿರ ಬಂದಾಗ ಮೆಲ್ಲಗೆ, "ನನಗೂ ನಮ್ಮ ಕಾಕಾ ಹಂಗೇ ಕಲಿಸಿದ್ರು" ಅಂದರು. ನನಗೆ ನಗು ತಡೆಯಲಾಗದೆ ಗಾಡಿಯನ್ನು ಬದಿಗೆ ನಿಲ್ಲಿಸಬೇಕಾಯಿತು.

ಈಗಲೂ ಚಳಿಗಾಲದ ಬೆಳಿಗ್ಗೆ ಎರಡನೇ ಗಿಯರ್ ಸ್ವಲ್ಪ ಬಿಗಿಯಾಗಿರುತ್ತದೆ. ಎಣ್ಣೆ ಬೆಚ್ಚಗಾಗುವವರೆಗೆ ಅವಸರ ಮಾಡಬೇಡಿ ಎಂದಿದ್ದಾರೆ ಮಿಸ್ತ್ರಿ. ಹಾಗಾಗಿ ಮೊದಲ ಎರಡು ಕಿಲೋಮೀಟರ್ ನಿಧಾನ ಹೋಗುತ್ತೇನೆ. ಔರಾದ್ ರಸ್ತೆಯ ಎರಡೂ ಬದಿಗೆ ತೊಗರಿ ಹಳದಿ ಹೂ ಬಿಟ್ಟಿರುತ್ತದೆ. ಆ ಎರಡು ಕಿಲೋಮೀಟರುಗಳಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ, ನನಗೂ ಎಲ್ಲಿಗೂ ತಡವಾಗಿರುವುದಿಲ್ಲ.